ಒಂಬತ್ತು ಬಾಟಲಿ

ಮುಳಬಾಗಿಲಿನ ಆಚೆ. ಊರ ಹೆಸರು ಬೇಡ.
ಕೆರೆ ನಾರತೊಡಗಿ ಮೂರು ಮಕ್ಕಳಿಗೆ ಭೇದಿಯಾದ ಮೇಲೆ
ಪಂಚಾಯ್ತಿ ಬಾತುಗಳ ಮೇಲೆ ತೀರ್ಪು ಕೊಟ್ಟಿತ್ತು.
ನೆಲ್ಲೂರು ಕಡೆಯ ಚೆಂಚಯ್ಯ, ಆರುನೂರು ಬಾತು,
ಗದ್ದೆಯಿಂದ ಗದ್ದೆಗೆ, ಕೆರೆಯಿಂದ ಕೆರೆಗೆ.
ಎರಡು ಸಾವಿರ ದಂಡ. ಬೆಳಗಾಗುವುದರೊಳಗೆ ಜಾಗ ಖಾಲಿ.

ನಾನು ಬಂದದ್ದು ಮಾರನೇ ದಿನ:
ಥರ್ಮಾಕೋಲ್ ಡಬ್ಬಿ, ಕರಗುತ್ತಿರುವ ಐಸು,
ಆವಿಯಲ್ಲಿ ಬೇಯಿಸಿದ ಒಂಬತ್ತು ಬಾಟಲಿ.
ಏರಿಯ ಮೇಲೆ ಗರಿಗಳಿದ್ದವು.

ತೂಬಿನ ಹತ್ತಿರ ಒಂದು. ಕೋಡಿಯಲ್ಲೊಂದು.
ಎಮ್ಮೆ ಇಳಿಯುವಲ್ಲಿ ಮೂರನೆಯದನ್ನು ತುಂಬುವಾಗ
ನೀರಗಂಟಿ ಪಿಳ್ಳಮುನಿಯಪ್ಪ ಕೇಳಿದ:
"ಹೇಲಿಗೂ ಜಾತಿ ಗೊತ್ತಾಗ್ತದಾ ಮೇಡಂ?"
ಜಾತಿ ಗೊತ್ತಾಗಲ್ಲ, ಅಂದೆ,
ದನದ್ದೋ ಹಕ್ಕಿಯದ್ದೋ ಮನುಷ್ಯನದ್ದೋ, ಅಷ್ಟೇ.
ಒಂದೊಂದು ಹೊಟ್ಟೆಗೂ ಅದರದೇ ಹುಳು,
ಕಣ್ಣಿಗೆ ಕಾಣದ್ದು; ಹೊರಬಿದ್ದ ಮೇಲೂ
ತಾನು ಯಾರ ಮನೆಯದೆಂದು ಮರೆಯುವುದಿಲ್ಲ.
ಬಹಳ ಹೊತ್ತು ನಕ್ಕ.
ಆಮೇಲೆ ಬಾಟಲಿ ತಾನೇ ಹಿಡಿದ.

ಹದಿನೇಳು ದಿನಕ್ಕೆ ಕಾಗದ ಬಂತು.
ಹಕ್ಕಿ: ಕುರುಹು ಮಾತ್ರ. ದನ: ಅಲ್ಪ.
ಮನುಷ್ಯ: ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸಬೇಕಾಯಿತು.
ಏಳನೇ ಬಾಟಲಿ, ರಾಜಕಾಲುವೆಯ ಮೋರಿಯ ಕೆಳಗಿನದು,
ಮುಚ್ಚಳ ತೆಗೆದಾಗಲೇ ಎಲ್ಲ ಹೇಳಿಬಿಟ್ಟಿತ್ತು.

ಮೋರಿಯ ಮೇಲೆ ಕಲ್ಯಾಣಮಂಟಪ,
ಅಧ್ಯಕ್ಷರ ಭಾಮೈದನದು.
"ಗುಂಡಿ ಇದೆ ನೋಡಿ, ಪಕ್ಕಾ ಗುಂಡಿ,"
ಚಪ್ಪಡಿಯ ಮೇಲೆ ಬೂಟುಗಾಲು ಕುಟ್ಟಿ ತೋರಿಸಿದರು.
ವಾದಿಸಲಿಲ್ಲ.
ಮುಹೂರ್ತವಿಲ್ಲದ ಒಂದು ಬುಧವಾರ
ಗಂಡಿನ ಕಡೆಯವರ ಕಕ್ಕಸಿಗೆ
ಚಿಟಿಕೆ ಪುಡಿ ಹಾಕಿ ಎರಡು ಬಕೆಟ್ ನೀರು ಹೊಯ್ದೆ.
ಡಬ್ಬಿಯಲ್ಲಿದ್ದಾಗ ಅದು ಕುಂಕುಮ,
ನೀರಿಗೆ ಬಿದ್ದರೆ ಹಸಿರು. ಓಕುಳಿಯ ತಿರುಗುಮುರುಗು.

ಮೋರಿಯಲ್ಲಿ ಕೂತೆವು. ಪಿಳ್ಳಮುನಿಯಪ್ಪ ಬೀಡಿ ಹಚ್ಚಿದ.
ಬೀಡಿ ಇನ್ನೂ ಅರ್ಧವಿತ್ತು,
ಜೊಂಡಿನ ಸಂದಿಯಲ್ಲಿ ಹೂತಿಟ್ಟ ಪೈಪಿನಿಂದ
ಬಂತು,
ಒಟ್ಲುಪಾತಿಯ ರಾಗಿ ಪೈರಿನಷ್ಟು ಚೆಂದವಾಗಿ.
ಚೆಂದ ಅನಿಸಿದ್ದಕ್ಕೆ ನಾಚಿಕೆಯಾಯಿತು.

"ನನ್ನ ಮಗಳ ಮದುವೆ ಇಲ್ಲೇ ಆಗಿದ್ದು," ಅಂದ,
"ಎಂಟುನೂರು ಎಲೆ ಬಿತ್ತು."
ಬೀಡಿ ನೀರಿಗೆ ಎಸೆಯಹೋಗಿ, ಯಾಕೋ,
ಕಲ್ಲಿಗೆ ಉಜ್ಜಿ ಜೇಬಿಗಿಟ್ಟುಕೊಂಡ.

ವರದಿಯ ನಮೂನೆಯಲ್ಲಿ ಪೈಪಿಗೊಂದು ಕಲಂ ಇತ್ತು.
ಎರಡು ಸಾವಿರಕ್ಕೆ ಇರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಕಳಿಸಿದೆ.
ಚೆಂಚಯ್ಯನ ನಂಬರಿಗೆ ಹಚ್ಚಿದರೆ
ಯಾರೋ ಹೆಣ್ಣುಮಗಳು ತೆಲುಗಿನಲ್ಲಿ, ಬಹಳ ಮರ್ಯಾದೆಯಿಂದ,
ಅವರು ವ್ಯಾಪ್ತಿಯ ಹೊರಗಿದ್ದಾರೆ ಅಂದಳು.