ಗೆರೆಯವರೆಗೆ

ಪೀಣ್ಯ ಎರಡನೇ ಹಂತದಲ್ಲಿ ಲೇತು ನಡೆಸುವವನು ನಾನು.
ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚು ಕೆತ್ತಿದರೂ
ಕೆಂಪು ಡಬ್ಬಕ್ಕೆ ಬೀಳುತ್ತದೆ ಕಬ್ಬಿಣ.
ಹದಿನಾರು ವರ್ಷ ಅಳೆದೂ ಅಳೆದೂ
ಕಣ್ಣೇ ಅಳತೆಗೋಲು ಅನ್ನುವ ಜಂಬ.

ಪೂರ್ವಿಯ ಕಿವಿ ಸೋರಿದ ರಾತ್ರಿ
ಆ ಕಣ್ಣು ಕೈಕೊಟ್ಟಿತು.

ಲಗ್ಗೆರೆಯ ಡಾಕ್ಟರು ಮೊದಲು ಮಗಳನ್ನು ತೂಗಿದರು.
ಹದಿಮೂರು ಕೇಜಿ, ಚೀಟಿಯ ಮೂಲೆಯಲ್ಲಿ ಬರೆದರು.
ಯಾವ ಔಷಧಿಗಾದರೂ ಮೈಮೇಲೆ ದದ್ದು ಎದ್ದಿತ್ತಾ, ಕೇಳಿದರು.
ಆಮೇಲಷ್ಟೇ ಪೆನ್ನು ಕೆಳಗಿನ ಸಾಲಿಗಿಳಿಯಿತು.

ಮೆಡಿಕಲ್ ಶಾಪಿನ ಮಾದಯ್ಯ ಕೊಟ್ಟ ಬಾಟ್ಲಿಯಲ್ಲಿ
ಔಷಧಿಯೇ ಇಲ್ಲ! ತಳದಲ್ಲಿ ಬರೀ ಪುಡಿ,
ಗಾಳಿಗೆ ಹೆದರಿ ಮುದುಡಿದ ರಂಗೋಲಿ ಹಿಟ್ಟಿನ ಹಾಗೆ.
‘ತಟ್ಟಿ, ಪುಡಿ ಸಡಿಲ ಮಾಡಿ. ಕಾಯಿಸಿ ಆರಿಸಿದ ನೀರು.
ಅರ್ಧ ಹಾಕಿ ಕುಲುಕಿ. ಮತ್ತೆ ಬಾಣದ ಗೆರೆಯವರೆಗೆ.
ನೊರೆ ಇಳಿಯೋ ತನಕ ಕಾಯಿರಿ ಸಾಮಿ,
ನೊರೆ ಸುಳ್ಳು ಹೇಳುತ್ತೆ.’

ನೀರು ಕುದಿಯಿತು ಬೇಗ.
ಆರುವುದಕ್ಕೆ ಮಾತ್ರ ಒಂದು ಯುಗ.
ಒಳಗೆ ಮಗು ಕಿವಿ ಹಿಡಿದು ನರಳುತ್ತಿದ್ದರೆ
ಹೊರಗೆ ಪಾತ್ರೆಗೆ ಬೀಸಣಿಗೆ ಬೀಸುತ್ತ ಕೂತೆ.

ಸುಜಾತ ಉಪ್ಪಿನ ಡಬ್ಬಿಯ ಚಮಚ ತೊಳೆದು ತಂದಳು:
‘ನಮ್ಮಮ್ಮ ನಮಗೆಲ್ಲ ಹಾಕಿದ್ದು ಇಂಥದ್ದರಲ್ಲೇ.’
ನನ್ನ ಹಟ ಗೊತ್ತಲ್ಲ.
ಮನೆಯ ಮೂರೂ ಚಮಚದಲ್ಲಿ ನೀರು ತುಂಬಿ
ಬಾಟ್ಲಿ ಜತೆ ಬಂದ ಅಳತೆ ಮುಚ್ಚಳಕ್ಕೆ ಸುರಿದು ನೋಡಿದೆ.
ಒಂದು ನಾಲ್ಕು ಅಂದಿತು, ಒಂದು ಏಳು,
ಇನ್ನೊಂದು ಐದೂವರೆಗೆ ನಿಂತು ನಡುಗಿತು.
ಸ್ಟೀಲಿನ ಮೂರು ಚಮಚ, ಮೂರು ಮಾತು.
ಕೆಂಪು ಡಬ್ಬ ನೆನಪಾಯಿತು.

ನಮ್ಮಲ್ಲಿ ಫ್ರಿಜ್ ಇಲ್ಲ.
ಮೇಲಿನ ಮನೆಯ ರೋಸ್‌ಮೇರಿ ಟೀಚರು
ದೋಸೆಹಿಟ್ಟಿನ ಪಕ್ಕ ಜಾಗ ಬಿಟ್ಟುಕೊಟ್ಟರು.
ಬೆಳಿಗ್ಗೆ ಏಳಕ್ಕೆ ಹದಿನೆಂಟು ಮೆಟ್ಟಿಲು,
ರಾತ್ರಿ ಏಳಕ್ಕೆ ಹದಿನೆಂಟು.
‘ಕುಲುಕಿದಿರಾ?’ ಎನ್ನುವರು ಪ್ರತಿ ಸಲ,
ಹಾಜರಿ ಕೂಗುವ ದನಿಯಲ್ಲಿ.

ನಾಲ್ಕನೇ ದಿನ ಜ್ವರವಿಲ್ಲ.
ಕಿವಿ ಒಣಗಿತು, ಬಾಯಿ ತೆರೆಯಿತು,
ಮಂಚದ ಮೇಲೆ ಕುಣಿತ. ‘ಇನ್ಯಾಕೆ ಪಾಪ, ಸಾಕಲ್ಲ?’ ಸುಜಾತ.
ಚೀಟಿ ತೋರಿಸಿದೆ: ಏಳು ದಿನ.
ಅರ್ಧ ಕೆತ್ತಿ ಬಿಟ್ಟ ಬೋಲ್ಟು ನಟ್ಟಿಗೆ ಕೂರುತ್ತದಾ?

ಅದೇ ದಿನ ಟೀ ಹೊತ್ತಿಗೆ ಪಕ್ಕದ ಮಶೀನಿನ ಮರಿಸಿದ್ದ:
‘ನಮ್ಮ ಹುಡುಗನಿಗೂ ಕಿವಿ ನೋವು ಗುರು.
ಉಳಿದದ್ದು ಕೊಡು, ಡಾಕ್ಟರ್ ಫೀಸು ಮಿಗುತ್ತೆ.’
ಅವನ ಹುಡುಗ ಇಪ್ಪತ್ತೆರಡು ಕೇಜಿ.
ಅವನ ನೋವು ಯಾವುದೋ, ಯಾರಿಗೆ ಗೊತ್ತು?
ಇಲ್ಲ ಅಂದೆ. ಅನ್ನುವಾಗ ನಾಲಿಗೆ ಕಹಿ.
‘ಎರಡು ಗುಟುಕು ಔಷಧಿಗೆ ಇಷ್ಟು ಬಿಗುಮಾನ,’ ಎಂದು
ಲೋಟ ಎತ್ತಿಕೊಂಡು ಗೇಟಿನತ್ತ ಹೋದ.
ಎರಡು ದಿನ ನನ್ನ ಲೇತಿನ ಸದ್ದೇ ನನಗೆ ಜತೆ.

ಸೋಮವಾರ ತಾನೇ ಬಂದ. ಮುಖ ನೋಡಲಿಲ್ಲ.
‘ಡಾಕ್ಟರು ಚಿಮಟಾದಲ್ಲಿ ತೆಗೆದರು’ ಎಂದು
ಟೀ ಲೋಟ ನನ್ನತ್ತ ತಳ್ಳಿದ:
‘ಹುರುಳಿಕಾಳು.
ಮೊಳಕೆ ಬೇರೆ ಬಂದಿತ್ತು.’

ಏಳನೇ ರಾತ್ರಿ ಕೊನೆಯ ಅಳತೆ.
ತಳದಲ್ಲಿ ಇನ್ನೂ ಒಂದಿಷ್ಟು ಗುಲಾಬಿ ಬಣ್ಣ.
ಇಟ್ಟಿರಲಿ, ಯಾವತ್ತಾದರೂ ಆದೀತು:
ಸುಜಾತಳ ಕಣ್ಣು ಹೇಳಿತು, ನನ್ನದೂ ಹೇಳಿತು.
ಬೆಳಿಗ್ಗೆ ಬಾಟ್ಲಿಯನ್ನು ಮಾದಯ್ಯನ ಕೈಗೇ ಒಪ್ಪಿಸಿದೆ.

ಮುಚ್ಚಳ ಮಾತ್ರ ಪೂರ್ವಿ ಬಿಡಲಿಲ್ಲ.
ಸೋಪಿನ ನೀರು ತುಂಬಿ, ಕಣ್ಣ ಮಟ್ಟಕ್ಕೆ ಹಿಡಿದು
ನನ್ನ ಗೊಂಬೆಗೆ ಜ್ವರ, ಎನ್ನುತ್ತಾಳೆ.
ಶಿಫ್ಟಿಗೆ ತಡ, ಬೇಗ ಹಾಕು ಮಗಳೆ, ಎಂದರೆ
ಬೆರಳು ತುಟಿಗೆ ಒತ್ತಿ ಗದರುತ್ತಾಳೆ:
ತಡಿಯಪ್ಪಾ,
ನೊರೆ ಇಳೀಲಿ.