ಹಾಜರಿಯಲ್ಲಿ ಮೂರು ಗಾಳಿ

ಈ ವರ್ಷ ನನ್ನ ಶಿಶುವಿಹಾರದಲ್ಲಿ ಮೂರು ಗಾಳಿ.
ರೂಜ್ಗಾರ್, ರೂಜ್ಗಾರ್, ಇನ್ನೊಬ್ಬ ರೂಜ್ಗಾರ್.
ಹೋದ ವರ್ಷ ಒಬ್ಬನೇ ಇದ್ದ.
ಅದರ ಹಿಂದಿನ ವರ್ಷ ಆ ಹೆಸರು ಕೇಳಿ
ಅಡುಗೆಯ ನೆಜಾಹತ್ ಸೌಟು ಹಿಡಿದೇ ನಕ್ಕಿದ್ದಳು:
"ಗಾಳಿ ಅಂತ ಯಾರಾದರೂ ಹೆಸರಿಡ್ತಾರಾ?"
ಈಗ ಅವಳ ತಮ್ಮನ ಮಗನೂ ರೂಜ್ಗಾರ್.
ಗಾಳಿ ಬಂದಾಗ ತೂರಿಕೋ ಅನ್ನುವುದು ಇದಕ್ಕೇ ಇರಬೇಕು.

ನಾನು ಕೆಲಸಕ್ಕೆ ಸೇರಿದಾಗ
ಹಾಜರಿ ಪುಸ್ತಕ ತೆರೆದರೆ ಸತ್ತ ತಾತಂದಿರ ಸಾಲು.
ನಾಲ್ಕು ವರ್ಷದ ಹುಡುಗರು
ಅವರವರ ತಾತನ ಹೆಸರನ್ನು
ದೊಡ್ಡವರ ಕೋಟಿನಂತೆ ತೊಟ್ಟು
ತೋಳು ಮಡಚಿಕೊಂಡು ಬರುತ್ತಿದ್ದರು.
ಈಗಿನವರಿಗೆ ಆ ಕೋಟು ಬೇಡ.
ಡೆನಿಜ್ ಎಂದರೆ ಕಡಲು, ತೊಪ್ರಾಕ್ ಎಂದರೆ ಮಣ್ಣು,
ಚಿನಾರ್ ಮರ ಬಾಗಿಲ ಹತ್ತಿರ ಕೂತು ಉಗುರು ಕಚ್ಚುತ್ತಿದೆ.
"ಈ ಹೆಸರಿನೊಳಗೆ ಯಾರೂ ಸತ್ತಿಲ್ಲ ಟೀಚರ್" ಅಂದಳು ಗುಲ್ಫೆರ್,
ಆಚೆ ದಡದ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವವಳು,
ಹೊಸ ಪಾತ್ರೆಯ ಒಳಗನ್ನು ತೋರಿಸುವ ಹಾಗೆ.

ಮೂವರಿಗೂ ಗುರುತು ಬೇಕಲ್ಲ.
ಕೋಟು ನೇತುಹಾಕುವ ಮೊಳೆಗಳ ಮೇಲೆ ಚಿತ್ರ ಅಂಟಿಸಿದೆ:
ಮೀನು ರೂಜ್ಗಾರ್, ಗಡಿಯಾರ ರೂಜ್ಗಾರ್, ಛತ್ರಿ ರೂಜ್ಗಾರ್.
ಛತ್ರಿ ಗುಲ್ಫೆರಳ ಮಗ.
ದಿನವಿಡೀ ನನ್ನ ಬಾಯಲ್ಲಿ ಇದೇ:
ಗಾಳೀ, ಮೂಗು ಒರೆಸಿಕೋ.
ಗಾಳೀ, ಅವಳ ಜಡೆ ಬಿಡು.
ಗಾಳೀ, ಒಂದು ಕಡೆ ಕೂರು.
ಕೂರುವುದುಂಟೆ?
ಫೋಟೋದವನು ಬಂದ ದಿನ "ರೂಜ್ಗಾರ್, ಅಲ್ಲಾಡಬೇಡ" ಅಂದೆ.
ಮೂವರೂ ಉಸಿರು ಬಿಗಿಹಿಡಿದರು.
ಚಿತ್ರದಲ್ಲಿ ಗಾಳಿಯೊಂದೇ ನಿಂತಿದೆ,
ಮಿಕ್ಕವರೆಲ್ಲ ಅಲುಗಿದ್ದಾರೆ.

ಗೆಲಿಬೊಲುವಿನಲ್ಲಿ ಗಾಳಿಗೇನು ಬರ?
ಉತ್ತರದಿಂದ ಬರುವುದು ಪೊಯ್ರಾಜ್, ತಣ್ಣಗೆ,
ಆಕಾಶವನ್ನು ತೊಳೆದು ಬೋರಲು ಹಾಕುತ್ತದೆ;
ಪಕ್ಕದ ಕೋಣೆಯಲ್ಲಿ ಆ ಹೆಸರಿನವರು ಇಬ್ಬರು.
ತೆಂಕಣದಿಂದ ಬರುವುದು ಲೋದೊಸ್:
ಬೆಚ್ಚಗೆ, ತಲೆನೋವಿನಂತೆ,
ದೋಣಿ ನಿಲ್ಲಿಸಿ, ಹೆಂಚು ಕಿತ್ತು,
ಗಂಡ ಹೆಂಡಿರಿಗೆ ಜಗಳ ಹಚ್ಚಿ ಹೋಗುತ್ತದೆ.
ಲೋದೊಸ್ ಎಂಬ ಮಗು ನನಗೆ ಇನ್ನೂ ಸಿಕ್ಕಿಲ್ಲ.

ಛತ್ರಿಯನ್ನು ಕರೆದೊಯ್ಯಲು ಬರುವವನು ತಾತ, ಹಶ್ಮೆತ್.
ನಲವತ್ತು ವರ್ಷ ಬಲೆ ಎಳೆದ ಕೈಯಲ್ಲಿ
ಗೇಟಿನ ಕಂಬಿ ಹಿಡಿದು ನಿಲ್ಲುತ್ತಾನೆ.
"ಏ ಕೆಂಪು ಟೊಪ್ಪಿ" ಎನ್ನುತ್ತಾನೆ, "ಏ ಮರಿ" ಎನ್ನುತ್ತಾನೆ,
ಹೆಸರು ಮಾತ್ರ ಎತ್ತುವುದಿಲ್ಲ.
ಒಮ್ಮೆ ಕೇಳಿಯೇಬಿಟ್ಟೆ.
"ದೋಣಿಯಲ್ಲಿ ಸಿಳ್ಳೆ ಹಾಕಬಾರದು ತಾಯಿ,
ಅದನ್ನು ಹೆಸರು ಹಿಡಿದು ಕೂಗಬಾರದು.
ಕರೆದರೆ ಬರುತ್ತದೆ.
ಬಂದ ಮೇಲೆ ಹೋಗು ಅನ್ನಲು ಅದೇನು ನಾಯಿಯೇ?"
ತಮ್ಮನ ವಿಷಯ ಅವನು ಹೇಳಲಿಲ್ಲ.
ಊರಿಗೆಲ್ಲ ಗೊತ್ತು. ನಾನೂ ಕೇಳಲಿಲ್ಲ.
ಮಗು ಹುಟ್ಟಿದಾಗ ಅವನ ಮನಸ್ಸಿನಲ್ಲಿದ್ದ ಹೆಸರು
ಯಾವುದು ಎಂಬುದೂ ಊರಿಗೆ ಗೊತ್ತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಲೋದೊಸ್ ಎದ್ದಿತು.
ದೋಣಿ ನಿಂತಿತು, ಗುಲ್ಫೆರ್ ಆಚೆ ದಡದಲ್ಲೇ ಉಳಿದಳು,
ಕರೆಂಟು ಹೋಯಿತು,
ಅರ್ಧ ಮಕ್ಕಳ ಮನೆಯವರು ಬರಲಿಲ್ಲ.
ಹಶ್ಮೆತ್ ತೊಯ್ದು ತೊಪ್ಪೆಯಾಗಿ ಬಂದಾಗ
ಹುಡುಗ ಕಾಣಲಿಲ್ಲ.
ಮೇಜಿನ ಕೆಳಗೆ, ಆಟಿಕೆ ಪೆಟ್ಟಿಗೆಯ ಹಿಂದೆ, ಅಡುಗೆಮನೆಯಲ್ಲಿ.
"ಮರಿ" ಅಂದ.
"ಕೆಂಪು ಟೊಪ್ಪಿ" ಅಂದ. ಟೊಪ್ಪಿ ಮೊಳೆಯಲ್ಲೇ ಇತ್ತು.
ಆಮೇಲೆ ಕಿಟಕಿಗೆ ಬೆನ್ನು ಮಾಡಿ,
ಹೊರಗಿನದಕ್ಕೆ ಕೇಳಿಸದಿರಲಿ ಎಂಬಂತೆ
ಬಾಯಿಗೆ ಅಂಗೈ ಅಡ್ಡ ಹಿಡಿದು
"ರೂಜ್ಗಾರ್" ಅಂದ.

ಬಂದವರು ಮೂವರೂ.
ಒಬ್ಬ ಪರದೆಯ ಹಿಂದಿನಿಂದ,
ಒಬ್ಬ ಬಾಯಲ್ಲಿ ರೊಟ್ಟಿಯ ಚೂರಿನೊಡನೆ,
ಒಬ್ಬ ನಿದ್ದೆಗಣ್ಣಲ್ಲಿ, ಒಂದೇ ಕಾಲುಚೀಲದಲ್ಲಿ.
ಮುದುಕ ಮೂವರನ್ನೂ ನೋಡಿದ.
ಜೇಬಿನಿಂದ ಹುರಿಗಡಲೆ ತೆಗೆದು
ಮೊಬೈಲಿನ ಬೆಳಕಲ್ಲಿ ಎಣಿಸಿ ಎಣಿಸಿ
ಮೂರು ಪಾಲು ಮಾಡಿದ.
ಕಿಟಕಿ ಬಡಿದುಕೊಳ್ಳುತ್ತಲೇ ಇತ್ತು.
ಅದನ್ನು ಯಾರೂ ಕರೆದಿರಲಿಲ್ಲ.