ಲಿಟ್ಮಸ್ ಮುಗಿದ ವಾರ

ಲಿಟ್ಮಸ್ ಕಾಗದ ಮುಗಿದು ಹನ್ನೊಂದು ದಿನ.
ಇಂಡೆಂಟು ಇನ್ನೂ ಆಫೀಸಿನ ಮೇಜಿನ ಮೇಲೆ
ಪೇಪರ್‌ವೇಟಿನಡಿ ನಿದ್ದೆ.
ಹಾಗಾಗಿ ಬೆಳಗಿನ ಐದೂವರೆಗೆ ಸಿಟಿ ಮಾರ್ಕೆಟ್ಟು,
ಒದ್ದೆ ಗೋಣಿಯ ಮೇಲೆ ಕೆಂಪು ದಾಸವಾಳದ ಗುಡ್ಡೆ.
'ಯಾವ ದೇವರಿಗಮ್ಮಾ?' ಅಂದಳು ಮುನಿಲಕ್ಷ್ಮಮ್ಮ.
'ದೇವರಿಗಲ್ಲ, ಆಮ್ಲಕ್ಕೆ' ಅಂದೆ.
ಒಂದು ಹಿಡಿ ಹೆಚ್ಚೇ ಹಾಕಿದಳು,
ಹೆಸರು ಕೇಳದ ದೇವರು, ಉಗ್ರ ಇದ್ದರೂ ಇರಬಹುದೆಂದು.

ಕಾಟನ್‌ಪೇಟೆ ಹಿಂದಿನ ನಮ್ಮ ಕಾಲೇಜು.
ಮೊದಲ ಪಿಯುಸಿ, ಜೀವಶಾಸ್ತ್ರ, ಐವತ್ತೆರಡು ಹುಡುಗಿಯರು.
'ಕಪ್ಪೆ ಯಾವಾಗ ಮಿಸ್?' ಎನ್ನುವವರ ಮುಂದೆ
ನಾನು ನೀರಿನ ಅಣು ಬರೆಯುತ್ತೇನೆ:
ನಡುವೆ ಆಮ್ಲಜನಕ, ಆಚೀಚೆ ಎರಡು ಜಲಜನಕ,
ಮಡಚಿದ ಮೊಣಕೈಯಂತೆ ತುಸು ಬಾಗಿ.
'ಎಲೆಕ್ಟ್ರಾನು ಹಂಚಿಕೊಂಡಿವೆ, ಆದರೆ ಸಮವಾಗಿ ಅಲ್ಲ.
ಆಮ್ಲಜನಕ ತನ್ನ ಕಡೆಗೇ ಎಳ್ಕೊಳ್ಳುತ್ತೆ.'
'ನಮ್ಮನೆ ಕಂಬಳಿ ಥರ ಮಿಸ್,' ಹಿಂದಿನ ಬೆಂಚಿನ ರೋಸ್ಲಿನ್,
'ನಡುವೆ ಮಲಗೋ ಅಕ್ಕ ಪೂರ್ತಿ ಎಳ್ಕೋತಾಳೆ.'
ಅದಕ್ಕಿಂತ ಒಳ್ಳೆಯ ಚಿತ್ರ ನನ್ನ ಸೀಮೆಸುಣ್ಣದಲ್ಲಿಲ್ಲ.

ಎಳೆದದ್ದಕ್ಕೇ ಒಂದು ತುದಿ ತುಸು ಋಣ, ಇನ್ನೊಂದು ತುಸು ಧನ.
ಆ ತುಸುವಿನಿಂದಲೇ
ಪಕ್ಕದ ಅಣುವಿನ ಸೆರಗು ಹಿಡಿಯುವುದು,
ಬಿಡುವುದು, ಬೇರೊಂದನ್ನು ಹಿಡಿಯುವುದು.
ಒಂದೊಂದೂ ಎಷ್ಟು ಸಡಿಲ!
ಕಿಟಕಿಯಾಚೆ ಮಳೆಮರ.
ಬೋರ್‌ವೆಲ್ ಮೋಟಾರು ಸುಟ್ಟು
ಟ್ಯಾಂಕರಿಗೆ ಬಕೆಟ್ಟುಗಳು ಸಾಲುಗಟ್ಟಿದ ಅಂಗಳದಲ್ಲಿ
ಅದೊಂದೇ ಸದ್ದಿಲ್ಲದೆ
ಅರವತ್ತಡಿ ಮೇಲಿನ ಎಲೆಗೆ ನೀರು ಏರಿಸುತ್ತಿದೆ,
ಆ ಸಡಿಲ ಹಿಡಿತಗಳನ್ನೇ ನೆಚ್ಚಿ.

ಮಧ್ಯಾಹ್ನ ಲ್ಯಾಬು.
ದಾಸವಾಳ ಕುದಿಸಿದ ನೀರಿಗೆ ನಿಂಬೆ ಹಿಂಡಿದರೆ ಕಡುಗುಲಾಬಿ,
ಬಟ್ಟೆ ಸೋಪು ಕದಡಿದರೆ ಹಸಿರು.
ಐವತ್ತೆರಡು ಬಾಯಿಂದ ಒಂದೇ 'ಹಾ'.
ಆಗ ಎದ್ದವಳು ಹಾಜಿರಾ, ವರ್ಷಕ್ಕೆರಡು ಸಲ ಮಾತಾಡುವವಳು:
'ನಮ್ಮ ನಾನಿ ಸುಣ್ಣ ಮಾರ್ತಾರೆ ಮಿಸ್.
ಆರತಿಗೆ ಅಂತ ಪಕ್ಕದ ಮನೆಯವರು ಒಯ್ದು
ಅರಿಸಿನದ ನೀರಿಗೆ ಹಾಕಿದರೆ
ಕೆಂಪಾಗುತ್ತೆ. ಅದೂ ಇದೇನಾ?'

ಇಪ್ಪತ್ತಮೂರು ವರ್ಷ ಪಾಠ ಹೇಳಿದ್ದೇನೆ.
ನನ್ನ ಮದುವೆಯ ದಿನ, ಎರಡು ಬಾಣಂತನಗಳಲ್ಲಿ,
ಮುಖದ ಮುಂದೆ ಮೂರು ಸುತ್ತು ಬಂದಿದೆ ಆ ತಟ್ಟೆ.
ಕಣ್ಣು ಮುಚ್ಚಿಕೊಂಡಿದ್ದೆ.
'ಅದೂ ಇದೇ' ಅಂದೆ. 'ಸುಣ್ಣ ಪ್ರತ್ಯಾಮ್ಲ.
ನಾಳೆ ಒಂದು ಚಿಟಿಕೆ ತಾ, ನಾನಿಯನ್ನು ಕೇಳಿ.'

ಗಂಟೆ ಹೊಡೆಯುವ ಮುಂಚೆ ರಕ್ತದ ಮಾತು: ಏಳು ಬಿಂದು ನಾಲ್ಕು.
ಹಿಡಿ ಹುಣಸೆ ತಿನ್ನಿ, ಬಸ್ಸಿನ ಹಿಂದೆ ಓಡಿ,
ಒಳಗೊಬ್ಬರು ಹೆಚ್ಚಾದದ್ದನ್ನು ತೆಗೆದಿಟ್ಟು
ಕಡಿಮೆಯಾದಾಗ ಎಣಿಸಿ ಕೊಡುತ್ತಲೇ ಇರುತ್ತಾರೆ.
'ಯಾರು ಮಿಸ್?'
'ಬೈಕಾರ್ಬೋನೇಟು. ಅಡುಗೆ ಸೋಡಾದ ಹತ್ತಿರದ ನೆಂಟ.'
ನಗು. ಯಾರೂ ಬರೆದುಕೊಳ್ಳಲಿಲ್ಲ.
ತಮ್ಮ ತಮ್ಮ ಮಣಿಕಟ್ಟು ನೋಡಿಕೊಂಡರು.

ಗುರುವಾರ ಮತ್ತೆ ಮಾರ್ಕೆಟ್ಟು.
'ಒಪ್ಪಿದನಾ ನಿಮ್ಮ ದೇವರು?'
ಕಲೆಯಾದ ಬೆರಳು ತೋರಿಸಿದೆ.
ಮುನಿಲಕ್ಷ್ಮಮ್ಮ ಎಲೆಯ ಬೆನ್ನಿಗೆ ಸುಣ್ಣ ಸವರಿ,
ಅಡಿಕೆ ಮಡಚಿ ಬಾಯಿಗಿಟ್ಟು,
'ಬಿಳೀ ದಾಸವಾಳ ಆಗತ್ತಾ ಅವನಿಗೆ?' ಅಂದಳು.
ಉತ್ತರ ಮರೆತು,
ಅವಳ ತುಟಿ ಕೆಂಪಾಗುವುದನ್ನು
ಚಿಲ್ಲರೆ ಹಿಡಿದುಕೊಂಡೇ ನೋಡುತ್ತಿದ್ದೆ.